ಕವಿತೆಯೊಳಗೆ ‘ನಾನು’ ಕಾಲಿಡುವುದು ಎಷ್ಟನೇ ಸಾಲಿನಲ್ಲಿ?

ಪ್ರಶ್ನೆ: ಎಂ.ಎ. ಇಂಗ್ಲಿಷ್ ಓದುತ್ತಿದ್ದೇನೆ. ರೊಮ್ಯಾಂಟಿಕ್ ಕವಿಗಳೆಂದರೆ ನಿಸರ್ಗದ ಆರಾಧಕರು ಅಂತಲೇ ಪಿಯುಸಿಯಿಂದ ಕೇಳಿಕೊಂಡು ಬಂದಿದ್ದೇನೆ. ಈಗ ವರ್ಡ್ಸ್‌ವರ್ತ್‌ನ ‘ಟಿಂಟರ್ನ್ ಅಬಿ’ ಪೂರ್ತಿ ಓದಿದರೆ ನದಿ, ಮರ, ಬೆಟ್ಟ ಎಲ್ಲ ಇಪ್ಪತ್ತು ಸಾಲಿಗೇ ಮುಗಿದುಹೋಗುತ್ತವೆ. ಆಮೇಲೆ ಬರೀ ನಾನು, ನನ್ನ, ನನಗೆ. ಇದನ್ನು ನಿಸರ್ಗ ಕಾವ್ಯ ಅನ್ನುವುದು ಹೇಗೆ? ‘ಪ್ರಕೃತಿಯಲ್ಲಿ ಆತ್ಮದರ್ಶನ’ ಎಂದು ಅದ್ವೈತಕ್ಕೆ ಹೋಲಿಸಿ ಬರೆದರೆ ಸರಿಯಾದೀತೆ? ಇಂಥ ಕವಿತೆಗಳನ್ನು ಓದುವಾಗ ಏನನ್ನು ಗುರುತು ಹಾಕಿಕೊಳ್ಳಬೇಕು?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ, ನೋಟ್ಸಿಗೆ ಹೆದರಿ ಅದನ್ನು ಬಿಟ್ಟುಕೊಡಬೇಡಿ. ‘ಟಿಂಟರ್ನ್ ಅಬಿ’ಯಲ್ಲಿ ಮುದ್ರಣಕ್ಕೆ ತಕ್ಕಂತೆ 159 ಅಥವಾ 160 ಸಾಲುಗಳಿವೆ. ಕಣ್ಣೆದುರಿನ ದೃಶ್ಯಕ್ಕೆ ಸಿಕ್ಕಿರುವುದು ಮೊದಲ 22 ಸಾಲು, ಅಂದರೆ ಏಳರಲ್ಲೊಂದು ಪಾಲು. ಉಳಿದ ಆರು ಪಾಲು ಮನಸ್ಸಿನ ಲೆಕ್ಕಾಚಾರ. ‘ನಿಸರ್ಗದ ಆರಾಧಕ’ ಎಂಬ ಚೀಟಿ ಇದಕ್ಕೆ ಅಂಟುವುದಿಲ್ಲ. ಹಾಗಂತ ಅದನ್ನು ಕಿತ್ತು ‘ಆತ್ಮಚರಿತ್ರೆ’ ಎಂಬ ಇನ್ನೊಂದು ಚೀಟಿ ಅಂಟಿಸಿದರೂ ಆ 22 ಸಾಲು ಯಾಕೆ ಬೇಕಿತ್ತು ಎನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ಜಾಗಕ್ಕೂ ಮನಸ್ಸಿಗೂ ನಡುವೆ ನಡೆಯುವ ಕೊಡು-ಕೊಳ್ಳುವ ವ್ಯವಹಾರವೇ ಈ ಕವಿತೆಗಳ ವಸ್ತು. ಯಾರು ಕೊಟ್ಟರು, ಯಾರು ಪಡೆದರು, ಕಳೆದದ್ದಕ್ಕೆ ಬದಲು ಏನು ಬಂತು ಎನ್ನುವುದರಲ್ಲಿ ಒಬ್ಬೊಬ್ಬ ಕವಿಯ ಖಾತೆ ಒಂದೊಂದು ಥರ. ಖಾತೆಯ ಮಾತು ನಾನು ಹೊರಗಿನಿಂದ ತಂದದ್ದಲ್ಲ. ‘ಹೋದದ್ದಕ್ಕೆ ಧಾರಾಳವಾದ ಪರಿಹಾರ ಸಿಕ್ಕಿದೆ’ ಎಂದು ವರ್ಡ್ಸ್‌ವರ್ತ್ ಈ ಕವಿತೆಯಲ್ಲೇ ಹೇಳುತ್ತಾನೆ. ಇನ್ನೊಂದು ಕವಿತೆಯಲ್ಲಿ ಡ್ಯಾಫೊಡಿಲ್ ಹೂಗಳು ಕೊಟ್ಟದ್ದನ್ನೂ ‘ಸಂಪತ್ತು’ ಎಂದೇ ಕರೆಯುತ್ತಾನೆ.

ಮುಂದೆ ಹೋಗುವ ಮೊದಲು ಎರಡು ಕನ್ನಡ ಪದಗಳ ತೊಡಕು ಬಿಡಿಸಿಕೊಳ್ಳೋಣ. ‘ಪ್ರಕೃತಿ’ ಅಂದ ಕೂಡಲೇ ಅದರ ಹಿಂದೆ ಸಾಂಖ್ಯರ ಪುರುಷ-ಪ್ರಕೃತಿ ಬಂದು ನಿಲ್ಲುತ್ತದೆ. ‘ಆತ್ಮ’ ಅಂದರೆ ಉಪನಿಷತ್ತು ಬರುತ್ತದೆ. ಇವೆರಡೂ ಬಂದು ಕೂತವೆಂದರೆ ಈ ಕವಿತೆಯ ವೈ ನದಿಯ ದಂಡೆಯಲ್ಲಿ ನಿಂತ ಇಪ್ಪತ್ತೆಂಟರ ಯುವಕ ವರ್ಡ್ಸ್‌ವರ್ತ್‌ಗೆ ಜಾಗವೇ ಉಳಿಯುವುದಿಲ್ಲ. ಅವನದು ಹುಟ್ಟಿದ ವರ್ಷ, ಊರು, ತಂಗಿ, ತಪ್ಪು, ನೆನಪು ಎಲ್ಲ ಇರುವ ‘ನಾನು’. ಅದ್ವೈತದಲ್ಲಿ ಇಂಥ ಬಿಡಿ ‘ನಾನು’ ಅವಿದ್ಯೆಯ ಫಲ, ಅದು ಕರಗಬೇಕು. ವರ್ಡ್ಸ್‌ವರ್ತ್‌ನ ಚಿಂತೆ ಇದಕ್ಕೆ ಪೂರ್ತಿ ತಿರುಗುಮುರುಗು: ಐದು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದವನೂ ಇವತ್ತು ಬಂದವನೂ ಒಬ್ಬನೇ ಹೌದೇ? ಆ ಎಳೆ ಕಡಿದುಹೋಗಿದೆಯೇ? ಈ ಪ್ರಶ್ನೆಯ ಬೇರು ಇಂಗ್ಲೆಂಡಿನಲ್ಲೇ ಇದೆ. ವ್ಯಕ್ತಿಯ ಗುರುತು ನಿಂತಿರುವುದು ಪ್ರಜ್ಞೆ ಮತ್ತು ನೆನಪಿನ ಮೇಲೆ ಎಂದು 17ನೇ ಶತಮಾನದ ಕೊನೆಯಲ್ಲಿ ಜಾನ್ ಲಾಕ್ ವಾದಿಸಿದ್ದ. ಇಂದ್ರಿಯಾನುಭವಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮನಸ್ಸು ಬೆಳೆಯುತ್ತದೆ ಎಂದು 1749ರಲ್ಲಿ ಡೇವಿಡ್ ಹಾರ್ಟ್ಲಿ ಬರೆದ. ವರ್ಡ್ಸ್‌ವರ್ತ್‌ನ ಗೆಳೆಯ, ಕವಿ ಕೋಲ್‌ರಿಜ್ ತನ್ನ ಮೊದಲ ಮಗನಿಗೆ ಹಾರ್ಟ್ಲಿ ಎಂದು ಹೆಸರಿಟ್ಟದ್ದು ಇದೇ ಅಭಿಮಾನದಿಂದ. ಹೋಲಿಕೆ ಬೇಕೇ ಬೇಕೆಂದರೆ ಮೊದಲು ಇವರನ್ನು ಮುಟ್ಟಿ, ಶಂಕರರ ಮಾತು ಆಮೇಲೆ.

ಈಗ ಪೆನ್ಸಿಲ್ ಹಿಡಿದು ‘ಟಿಂಟರ್ನ್ ಅಬಿ’ಯ ಮೊದಲ 22 ಸಾಲಿಗೆ ಬನ್ನಿ. ‘ಐದು’ ಎಂಬ ಪದಕ್ಕೆ ಗೆರೆ ಎಳೆಯಿರಿ. ಎರಡು ಸಾಲಿನೊಳಗೆ ಮೂರು ಸಲ ಬರುತ್ತದೆ: ಐದು ವರ್ಷ, ಐದು ಬೇಸಿಗೆ, ಐದು ದೀರ್ಘ ಚಳಿಗಾಲ. ಆಮೇಲೆ ‘ಮತ್ತೆ’ ಎಂಬುದಕ್ಕೆ: ಮತ್ತೆ ಕೇಳುತ್ತಿದ್ದೇನೆ, ಮತ್ತೊಮ್ಮೆ ಕಾಣುತ್ತಿದ್ದೇನೆ, ಮತ್ತೆ ಈ ಮರದಡಿ ಒರಗಿದ್ದೇನೆ, ಮತ್ತೊಮ್ಮೆ ನೋಡುತ್ತಿದ್ದೇನೆ. ನಾಲ್ಕು ಸಲ. ನದಿಯನ್ನು ಮೊದಲ ಬಾರಿ ಕಂಡವನು ಹೀಗೆ ಬರೆಯುವುದಿಲ್ಲ. ದೃಶ್ಯವೆಂದು ನಾವು ಓದಿಕೊಂಡ ಭಾಗವೇ ಎರಡು ಭೇಟಿಗಳ ತಾಳೆ. ಮೊದಲು ಬರುವ ಇಂದ್ರಿಯವೂ ಕಿವಿ, ಕಣ್ಣಲ್ಲ.

ಬೇಲಿಯ ಸಾಲನ್ನು ಹತ್ತಿರದಿಂದ ನೋಡಿ. ‘ಈ ಬೇಲಿಗಳು’ ಅನ್ನುತ್ತಾನೆ, ಕೂಡಲೇ ತಿದ್ದಿಕೊಳ್ಳುತ್ತಾನೆ: ‘ಬೇಲಿ ಅಂತಲೂ ಅನ್ನುವಂತಿಲ್ಲ, ಹುಡುಗಾಟದಲ್ಲಿ ಓಡಿಹೋದ ಕಾಡಿನ ಸಣ್ಣ ಎಳೆಗಳು’. ಬೇಲಿ ಮನುಷ್ಯ ನೆಟ್ಟದ್ದು, ಕಾಡು ತಾನಾಗಿ ಬೆಳೆದದ್ದು. ಎರಡರ ಗಡಿ ಮಸುಕಾಗುವುದನ್ನು ಒಂದು ತಿದ್ದುಪಡಿಯಲ್ಲೇ ತೋರಿಸಿಬಿಟ್ಟ. ತೋಟದ ಮರಗಳೂ ಹಾಗೇ. ಜುಲೈ ತಿಂಗಳು, ಹಣ್ಣು ಇನ್ನೂ ಕಾಯಿ, ಅದಕ್ಕೇ ಎಲೆಯ ಜೊತೆ ಒಂದೇ ಹಸಿರಾಗಿ ಕಾಣುತ್ತವೆ. ‘ಹಸಿರಿನ ಐಸಿರಿ’ ಎಂದು ಬರೆದುಬಿಡುವ ಬದಲು ಯಾಕೆ ಹಸಿರು ಎಂದು ಕೇಳಿದರೆ ಉತ್ತರ ಸಾಲಿನಲ್ಲೇ ಇರುತ್ತದೆ.

ಎರಡನೇ ಭಾಗದಲ್ಲಿ ಈ ರೂಪಗಳು ಪಟ್ಟಣದ ಗದ್ದಲದಲ್ಲಿ, ಒಂಟಿ ಕೋಣೆಗಳಲ್ಲಿ ತನಗೆ ಏನು ಕೊಟ್ಟವು ಎಂದು ಹೇಳುತ್ತಾನೆ. 49ನೇ ಸಾಲಿನ ಸುತ್ತ ಒಂದು ‘ಒಂದು ವೇಳೆ’ ಇದೆ: ‘ಒಂದು ವೇಳೆ ಇದು ಬರೀ ಹುಸಿ ನಂಬಿಕೆಯಾಗಿದ್ದರೂ...’ ಇದಕ್ಕೆ ದೊಡ್ಡ ಗುರುತು ಹಾಕಿ. ಪರಿಹಾರ ಸಿಕ್ಕಿದೆ ಎನ್ನುವ ಕಡೆಯೂ ‘ಸಿಕ್ಕಿದೆ ಎಂದು ನಂಬಬೇಕೆನ್ನಿಸುತ್ತದೆ’ ಎಂಬ ಧಾಟಿಯಲ್ಲೇ ಹೇಳುತ್ತಾನೆ. ನೋಟ್ಸುಗಳಲ್ಲಿ ಈ ‘ವೇಳೆ’, ‘ಬಹುಶಃ’ಗಳೆಲ್ಲ ಉದುರಿಹೋಗಿ ‘ನಿಸರ್ಗದಲ್ಲಿ ಕವಿಗೆ ಅಚಲ ನಂಬಿಕೆ’ ಎಂಬ ಒಂದು ವಾಕ್ಯ ಉಳಿದಿರುತ್ತದೆ. ಕವಿತೆಯ ಜೀವ ಇರುವುದು ಅಚಲ ಅಲ್ಲದ ಆ ಜಾಗಗಳಲ್ಲಿ.

ಪರೀಕ್ಷೆಯಲ್ಲಿ ಎಲ್ಲರೂ ಉದ್ಧರಿಸುವ ಭಾಗವೊಂದಿದೆ: ಮುಳುಗುವ ಸೂರ್ಯರ ಬೆಳಕು, ದುಂಡನೆಯ ಸಾಗರ, ಜೀವಂತ ಗಾಳಿ, ನೀಲಿ ಆಕಾಶ, ಇವುಗಳಲ್ಲಿ ಆಳವಾಗಿ ಬೆರೆತ ‘ಏನೋ ಒಂದು’. ಪಟ್ಟಿಯ ಕೊನೆಯ ವಸ್ತುವನ್ನು ಬಿಡಬೇಡಿ: ‘ಮತ್ತು ಮನುಷ್ಯನ ಮನಸ್ಸಿನಲ್ಲಿ’. ಕ್ರಿಯಾಪದವನ್ನೂ ನೋಡಿ. ‘ಇದೆ’ ಅನ್ನುವುದಿಲ್ಲ, ‘ನನಗೆ ಅನುಭವವಾಗಿದೆ’ ಅನ್ನುತ್ತಾನೆ. ಹೆಸರನ್ನೂ ಕೊಡುವುದಿಲ್ಲ, ‘ಏನೋ’ ಎಂದು ನಿಲ್ಲಿಸುತ್ತಾನೆ. ಸ್ವಲ್ಪ ಕೆಳಗೆ ಕಣ್ಣು-ಕಿವಿಗಳು ಲೋಕವನ್ನು ಅರ್ಧ ಸೃಷ್ಟಿಸುತ್ತವೆ, ಅರ್ಧ ಗ್ರಹಿಸುತ್ತವೆ ಎಂಬ ಮಾತು ಬರುತ್ತದೆ. ವರ್ಡ್ಸ್‌ವರ್ತ್‌ನ ಖಾತೆಯ ಒಪ್ಪಂದ ಇದೇ: ಅರ್ಧ ಅದರದು, ಅರ್ಧ ನನ್ನದು.

ಕೊನೆಯ ಭಾಗಕ್ಕೆ ಬಂದಾಗ ಓದುಗ ಬೆಚ್ಚಬೇಕು. 110 ಸಾಲು ದಾಟುವವರೆಗೂ ಒಬ್ಬನೇ ಇದ್ದಾನೆ ಎಂದುಕೊಂಡಿದ್ದೆವು, ಪಕ್ಕದಲ್ಲಿ ತಂಗಿ ಡೊರೊಥಿ ನಿಂತಿದ್ದಾಳೆ. ಅವಳು ಅಣ್ಣನಿಗಿಂತ ಚಿಕ್ಕವಳು ಅಂದರೆ ಇಪ್ಪತ್ತು ತಿಂಗಳಷ್ಟೇ. ಆದರೂ ಅವಳ ಕಣ್ಣಲ್ಲಿ ತನ್ನ ಐದು ವರ್ಷದ ಹಿಂದಿನ ಹುರುಪನ್ನು ಕಂಡು, ಮುಂದೆ ತಾನಿಲ್ಲದಾಗ ಇದನ್ನೆಲ್ಲ ನೀನು ನೆನಪಿಟ್ಟುಕೋ ಎಂದು ಅವಳ ಮೇಲೆ ಹೊರಿಸುತ್ತಾನೆ. ತನ್ನ ನೆನಪಿನ ಠೇವಣಿ ಇನ್ನೊಬ್ಬರ ಮನಸ್ಸಿನಲ್ಲಿ. ಕಾಲಗಳನ್ನು ಗುರುತು ಹಾಕುತ್ತಾ ಬಂದಿದ್ದರೆ ಅಂಚಿನಲ್ಲಿ ಭೂತ, ವರ್ತಮಾನ, ಭವಿಷ್ಯ ಮೂರೂ ಕಾಣುತ್ತವೆ, ಭವಿಷ್ಯ ಮಾತ್ರ ‘ನೀನು’ ಎಂಬ ಸರ್ವನಾಮದ ಕೆಳಗೆ. ಅವಳಿಗೆ ಏನನ್ನಿಸಿತು ಎನ್ನುವುದಕ್ಕೆ ಕವಿತೆಯಲ್ಲಿ ಒಂದು ಸಾಲೂ ಇಲ್ಲ. ಇದನ್ನು ದೋಷವೆನ್ನುವಿರೋ, ಕವಿತೆಯ ಒಂಟಿತನದ ಸಾಕ್ಷಿ ಎನ್ನುವಿರೋ, ವಾದ ಮಾಡಬಹುದಾದ ಜಾಗ ಅದು.

ಸಾಮಾನ್ಯವಾಗಿ ಜಾರುವ ಒಂದು ತಪ್ಪು: ‘ಕವಿತೆಯಲ್ಲಿ ವರ್ಣಿತವಾದ ಪಾಳು ಮಠ’. ಕವಿತೆಯೊಳಗೆ ಮಠವೇ ಇಲ್ಲ. 1131ರಲ್ಲಿ ಸ್ಥಾಪನೆಯಾಗಿ 1536ರಲ್ಲಿ ಮುಚ್ಚಿದ ಸಿಸ್ಟರ್ಷಿಯನ್ ಪಂಥದ ಆ ಕ್ರೈಸ್ತ ಮಠದ ಹೆಸರಿರುವುದು ಉದ್ದನೆಯ ಶೀರ್ಷಿಕೆಯಲ್ಲಿ ಮಾತ್ರ, ಅದೂ ‘ಅದಕ್ಕಿಂತ ಕೆಲವು ಮೈಲಿ ಮೇಲೆ’ ಎಂದು. ಶೀರ್ಷಿಕೆಯಲ್ಲೇ 1798ರ ಜುಲೈ 13 ಎಂಬ ತಾರೀಖೂ ಇದೆ, ಫ್ರೆಂಚ್ ಕ್ರಾಂತಿಯನ್ನು ನೆನೆಯುವ ಬ್ಯಾಸ್ಟೀಲ್ ದಿನದ ಮುನ್ನಾದಿನ. 1790ರ ಇದೇ ದಿನ ವರ್ಡ್ಸ್‌ವರ್ತ್ ಕ್ರಾಂತಿಯ ಫ್ರಾನ್ಸಿಗೆ ಮೊದಲ ಸಲ ಕಾಲಿಟ್ಟಿದ್ದ. 1793ರ ಆಗಸ್ಟಿನಲ್ಲಿ ವೈ ದಂಡೆಗೆ ಮೊದಲು ಬಂದಾಗ ಇಂಗ್ಲೆಂಡ್-ಫ್ರಾನ್ಸ್ ನಡುವೆ ಯುದ್ಧ ನಡೆಯುತ್ತಿತ್ತು. ಆಗಿನ ತನ್ನನ್ನು ‘ಪ್ರೀತಿಸಿದ್ದನ್ನು ಹುಡುಕಿ ಬಂದವನಂತಲ್ಲ, ಹೆದರಿದ್ದರಿಂದ ಓಡಿ ಬಂದವನಂತೆ’ ಎಂದು ಅವನೇ ವರ್ಣಿಸುತ್ತಾನೆ.

ಮರಗಳ ನಡುವಿನಿಂದ ಸದ್ದಿಲ್ಲದೆ ಏಳುವ ಹೊಗೆಯನ್ನೂ ಗಮನಿಸಿ. ಅಲೆಮಾರಿಗಳದೋ, ಗುಹೆಯಲ್ಲಿ ಒಂಟಿಯಾಗಿ ಕೂತ ತಪಸ್ವಿಯದೋ ಎಂದು ಕವಿ ಊಹಿಸುತ್ತಾನೆ. ಇದೇ ಕಣಿವೆಯನ್ನು ಸುತ್ತಿ 1782ರಲ್ಲಿ ಪ್ರವಾಸ ಕೈಪಿಡಿ ಪ್ರಕಟಿಸಿದ ವಿಲಿಯಂ ಗಿಲ್ಪಿನ್ ಆ ಹೊಗೆ ಇದ್ದಿಲು ಸುಡುವವರದು, ನದೀತೀರದ ಕುಲುಮೆಗಳಿಗೆ ಹೋಗುವ ಇದ್ದಿಲು ಎಂದು ನೇರವಾಗಿ ಹೇಳಿದ್ದಾನೆ. ಪಾಳು ಮಠದಲ್ಲಿ ಬೀಡುಬಿಟ್ಟ ಭಿಕ್ಷುಕರ ಬಗ್ಗೆಯೂ, ಅರ್ಧ ಮೈಲಿ ದೂರದ ಕಬ್ಬಿಣದ ಕಾರ್ಖಾನೆಯ ಬಗ್ಗೆಯೂ ಬರೆದಿದ್ದಾನೆ. ಕವಿತೆ ಇದನ್ನೆಲ್ಲ ಕಣ್ಣಿನಿಂದ ಜಾರಿಸಿ ಒಳಗಿನ ಶಾಂತಿ ಕಟ್ಟಿಕೊಂಡಿತು ಎಂದು 1986ರಲ್ಲಿ ವಿಮರ್ಶಕಿ ಮಾರ್ಜರಿ ಲೆವಿನ್‌ಸನ್ ವಾದಿಸಿದ ಮೇಲೆ ಈ ಕವಿತೆಯನ್ನು ಮೊದಲಿನಂತೆ ಓದುವುದು ಕಷ್ಟವಾಯಿತು. ವಾದ ಉಪಯುಕ್ತ, ಆದರೆ ಅದನ್ನೇ ಆರೋಪಪಟ್ಟಿ ಮಾಡಿಕೊಂಡರೆ ‘ಮಾನವತೆಯ ನಿಶ್ಚಲ, ವಿಷಾದದ ಸಂಗೀತ’ ಎಂಬ ಸಾಲನ್ನು ಏನು ಮಾಡುವುದು? ಕವಿತೆ ಜನರ ಸಂಕಟವನ್ನು ಪೂರ್ತಿ ಮರೆತಿಲ್ಲ, ಮೂರ್ತವಾದದ್ದನ್ನು ಅಮೂರ್ತ ಮಾಡಿಕೊಂಡಿದೆ. ನನ್ನ ಮಟ್ಟಿಗೆ ಇಷ್ಟು ಹೇಳಿದರೆ ಸಾಕು.

ಮನಸ್ಸಿಗೆ ನಿಸರ್ಗ ‘ಕೊಡುತ್ತದೆ’ ಅಂದರೆ ಏನು ಎಂಬುದಕ್ಕೆ ಅತಿ ಸ್ಪಷ್ಟ ಉದಾಹರಣೆ ವರ್ಡ್ಸ್‌ವರ್ತ್‌ನ ಆತ್ಮಕಥನ ಕಾವ್ಯ ‘ಪ್ರಿಲ್ಯೂಡ್’ನ ಮೊದಲ ಭಾಗದ ದೋಣಿ ಪ್ರಸಂಗ. ಹುಡುಗನೊಬ್ಬ ರಾತ್ರಿ ಕೆರೆಯ ದಂಡೆಯಲ್ಲಿ ಮರಕ್ಕೆ ಕಟ್ಟಿದ್ದ ದೋಣಿಯನ್ನು ಕದ್ದು ಹುಟ್ಟು ಹಾಕುತ್ತಾ ಹೊರಡುತ್ತಾನೆ. ನೇರ ಹೋಗಬೇಕೆಂದು ದಂಡೆಯ ಮೇಲಿನ ಬಂಡೆಯ ಸಾಲಿನ ತುದಿಗೆ ಕಣ್ಣು ನೆಟ್ಟಿದ್ದಾನೆ. ಇದ್ದಕ್ಕಿದ್ದಂತೆ ಅದರ ಹಿಂದಿನಿಂದ ಕರೀ ಬೃಹತ್ ಬೆಟ್ಟವೊಂದು ತಲೆ ಎತ್ತುತ್ತದೆ. ಅವನು ಹುಟ್ಟು ಹಾಕಿದಷ್ಟೂ ಅದು ಎತ್ತರವಾಗುತ್ತದೆ, ಅಳತೆಯ ಹೆಜ್ಜೆಯಿಟ್ಟು ಅಟ್ಟಿಸಿಕೊಂಡು ಬಂದಂತೆ. ನಡುಗುತ್ತಾ ದೋಣಿ ತಿರುಗಿಸಿ ಇದ್ದ ಜಾಗದಲ್ಲೇ ಬಿಡುತ್ತಾನೆ. ಆಮೇಲೆ ಎಷ್ಟೋ ದಿನ ಮನಸ್ಸಿನಲ್ಲಿ ಮರ, ಆಕಾಶ, ಹಸಿರು ಗದ್ದೆಯ ಪರಿಚಿತ ಚಿತ್ರಗಳೇ ಇಲ್ಲ. ಮನುಷ್ಯರಂತೆ ಬದುಕದ ದೈತ್ಯ ಆಕಾರಗಳು ನಿಧಾನವಾಗಿ ಚಲಿಸುತ್ತವೆ.

ಇದನ್ನು ‘ಕವಿಕಲ್ಪನೆ’ ಎಂದು ಬರೆದರೆ ಅರ್ಧ ಅಂಕ ಹೋಯಿತು. ಇದು ಜ್ಯಾಮಿತಿ. ಹುಟ್ಟು ಹಾಕುವವನ ಮುಖ ಹಿಂದಕ್ಕೆ, ಬಿಟ್ಟುಬಂದ ದಂಡೆಯ ಕಡೆಗೆ ಇರುತ್ತದೆ. ಹತ್ತಿರದ ಬಂಡೆ ದೂರದ ದೊಡ್ಡ ಬೆಟ್ಟವನ್ನು ಮರೆಮಾಡಿರುತ್ತದೆ. ಅವನು ದೂರ ಸರಿದಂತೆ ಬಂಡೆಯ ಮೇಲ್ತುದಿ ಕಣ್ಣಿಗೆ ಕೆಳಗಿಳಿಯುತ್ತದೆ, ಹಿಂದಿನ ಬೆಟ್ಟ ಮೇಲೇಳುತ್ತದೆ. ತಲೆಗಿಂತ ಎತ್ತರದ ಕಾಂಪೌಂಡ್ ಗೋಡೆಗೆ ಎದೆ ತಾಗಿಸಿ ನಿಂತು, ಗೋಡೆಯ ಮೇಲ್ಭಾಗ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಿ. ಆಚೆಯ ಮೂರಂತಸ್ತಿನ ಕಟ್ಟಡ ಗೋಡೆಯ ಹಿಂದಿನಿಂದ ಎದ್ದುಬರುತ್ತದೆ. ಓಡಿದಷ್ಟೂ ಬೇಗ ಏಳುತ್ತದೆ. ಹೆದರಿಕೆಗೆ ಕಾರಣ ಹುಡುಗನ ಓಟವೇ. ಬೆಟ್ಟದ ಚಲನೆ ಅವನು ಕೊಟ್ಟದ್ದು, ಬೆಟ್ಟದ ಗಾತ್ರ ಅದರದ್ದೇ. ಅಪರಾಧಪ್ರಜ್ಞೆ ಎಂಬ ಮೂರನೆಯದು ಇವೆರಡರ ನಡುವೆ ಹುಟ್ಟಿತು. ಅರ್ಧ ಸೃಷ್ಟಿ, ಅರ್ಧ ಗ್ರಹಿಕೆ ಅಂದದ್ದು ಇದನ್ನೇ. ಉದ್ಧರಿಸುವಾಗ ಯಾವ ಆವೃತ್ತಿ ಎಂದು ಹೇಳಿ: 1799ರದು ಎರಡೇ ಭಾಗ, 1805ರದು 13 ಭಾಗ, ಕವಿ ಸತ್ತ ಮೇಲೆ 1850ರಲ್ಲಿ ಅಚ್ಚಾದದ್ದು 14 ಭಾಗ. ಪದಗಳು ಒಂದೇ ಅಲ್ಲ.

ಆವೃತ್ತಿಯ ಮಾತು ಬಂದದ್ದರಿಂದ ಡ್ಯಾಫೊಡಿಲ್ ಕವಿತೆಯನ್ನೂ ನೋಡಿಬಿಡಿ. ಶಾಲೆಯಲ್ಲೇ ಬಾಯಿಪಾಠ ಆದ್ದರಿಂದ ಯಾರೂ ಮತ್ತೆ ಓದುವುದಿಲ್ಲ. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ಪಕ್ಕ, ಗೌಬರೋ ಪಾರ್ಕಿನ ಬಳಿ ಅಣ್ಣ-ತಂಗಿ ಇಬ್ಬರೂ ನಡೆಯುತ್ತಿದ್ದರು. ಡೊರೊಥಿಯ ದಿನಚರಿ ಇದೆ. ಗಾಳಿ ಉಸಿರು ಕಟ್ಟಿಸುವಷ್ಟು ಜೋರು. ಮೊದಲು ನೀರಿನ ಪಕ್ಕ ನಾಲ್ಕಾರು ಹೂ ಕಂಡಾಗ ಸರೋವರವೇ ಬೀಜ ತೇಲಿಸಿ ತಂದಿರಬೇಕು ಎಂದುಕೊಂಡರು. ಮುಂದೆ ಹೋದಂತೆ ಹೆಚ್ಚುತ್ತಾ ಹೋಗಿ, ಕೊನೆಗೆ ದಂಡೆಯುದ್ದಕ್ಕೂ ಹಳ್ಳಿಯ ಸುಂಕದ ರಸ್ತೆಯಷ್ಟು ಅಗಲದ ಪಟ್ಟಿ. ಕೆಲವು ಹೂಗಳು ದಣಿದು ಪಾಚಿಗಲ್ಲಿನ ಮೇಲೆ ದಿಂಬಿಗೆ ಒರಗಿದಂತೆ ತಲೆಯಿಟ್ಟಿದ್ದವು, ಉಳಿದವು ತೂರಾಡಿ ಕುಣಿದು ಗಾಳಿಯ ಜೊತೆ ನಗುತ್ತಿದ್ದವು.

ಎರಡು ವರ್ಷದ ಮೇಲೆ ಅಣ್ಣ ಬರೆದ ಕವಿತೆಯ ಮೊದಲ ಸಾಲಿನಲ್ಲೇ ‘ಒಂಟಿಯಾಗಿ ಅಲೆದೆ’. ‘ನಾವು’ ಇದ್ದದ್ದು ‘ನಾನು’ ಆಯಿತು, ಬಿರುಗಾಳಿ ತಂಗಾಳಿಯಾಯಿತು, ದಣಿದ ಹೂಗಳು ಕಾಣೆಯಾದವು. 1807ರಲ್ಲಿ ಅಚ್ಚಾದಾಗ ‘ಕುಣಿಯುವ’ ಡ್ಯಾಫೊಡಿಲ್‌ಗಳಿದ್ದವು, 1815ರಲ್ಲಿ ‘ಹೊನ್ನಿನ’ ಆದವು. ನಕ್ಷತ್ರಗಳಿಗೆ ಹೋಲಿಸುವ ಎರಡನೇ ಪದ್ಯ ಸೇರಿದ್ದೂ ಆಗಲೇ. ‘ಒಳಗಣ್ಣು, ಅದೇ ಏಕಾಂತದ ಸೌಖ್ಯ’ ಎಂಬ ಪ್ರಸಿದ್ಧ ಎರಡು ಸಾಲು ಹೆಂಡತಿ ಮೇರಿಯವು ಎಂದು ಕವಿಯೇ ಹೇಳಿದ್ದಾನೆ. ಅಂದರೆ ಏಕಾಂತವನ್ನು ಹಾಡುವ ಈ 24 ಸಾಲಿಗೆ ಮೂರು ಜನರ ಕೈ ಸೇರಿದೆ. ಸುಳ್ಳು ಹೇಳಿದ ಎಂದು ಹಿಡಿದು ಜಗ್ಗಬೇಕಿಲ್ಲ. ಕವಿತೆಯ ‘ನಾನು’ ದಿನಚರಿಯ ಮನುಷ್ಯನಲ್ಲ, ಕಟ್ಟಿದ ಪಾತ್ರ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ, ಅಷ್ಟೆ.

ಇಲ್ಲೇ ‘ಲಿರಿಕಲ್ ಬ್ಯಾಲಡ್ಸ್’ ಸಂಕಲನಕ್ಕೆ ವರ್ಡ್ಸ್‌ವರ್ತ್ ಬರೆದ 1800ರ ಮುನ್ನುಡಿಯ ಮಾತನ್ನೂ ಸರಿಯಾಗಿ ಇಟ್ಟುಕೊಳ್ಳಿ. ‘ಪ್ರಬಲ ಭಾವಗಳ ತಾನಾಗಿಯೇ ಉಕ್ಕುವಿಕೆ’ ಎಂಬ ತುಂಡನ್ನು ಮಾತ್ರ ಎತ್ತಿಕೊಂಡು ಕಾವ್ಯವೆಂದರೆ ಉಕ್ಕಿದ್ದನ್ನು ಬರೆದುಬಿಡುವುದು ಎನ್ನುತ್ತಾರೆ. ಅದೇ ವಾಕ್ಯ ಮುಂದುವರಿದು, ದೀರ್ಘವಾಗಿ ಆಳವಾಗಿ ಯೋಚಿಸಿದವನಿಂದ ಮಾತ್ರ ಬೆಲೆಯುಳ್ಳ ಕವಿತೆ ಬಂದಿದೆ ಎನ್ನುತ್ತದೆ. ಸ್ವಲ್ಪ ಮುಂದೆ ವಿಧಾನವನ್ನೂ ಹಂತ ಹಂತವಾಗಿ ಕೊಡುತ್ತಾನೆ. ಹಳೆಯ ಭಾವವನ್ನು ನೆಮ್ಮದಿಯಲ್ಲಿ ನೆನೆಯುವುದು. ನೆನೆಯುತ್ತಾ ಹೋದಂತೆ ಆ ನೆಮ್ಮದಿಯೇ ಮೆಲ್ಲಗೆ ಕರಗುವುದು. ಹಳೆಯದಕ್ಕೆ ಸಂಬಂಧಪಟ್ಟ ಹೊಸ ಭಾವವೊಂದು ಮನಸ್ಸಿನಲ್ಲಿ ನಿಜವಾಗಿ ಹುಟ್ಟುವುದು. ಆಗ ಬರವಣಿಗೆ ಶುರು. ‘ನೆಮ್ಮದಿಯಲ್ಲಿ ನೆನೆದ ಭಾವ’ ಎಂದು ನಿಲ್ಲಿಸಿದರೆ ನೆಮ್ಮದಿ ಕರಗುವ ಮುಖ್ಯ ಹಂತವೇ ಬಿಟ್ಟುಹೋಗುತ್ತದೆ. ಡ್ಯಾಫೊಡಿಲ್ ಕವಿತೆಯ ಕೊನೆಯ ಪದ್ಯ ಈ ಹಂತಗಳನ್ನೇ ಅನುಸರಿಸುತ್ತದೆ: ಸೋಫಾದ ಮೇಲೆ ಖಾಲಿ ಮನಸ್ಸು, ಒಳಗಣ್ಣಿಗೆ ಹೂ, ಆಮೇಲೆ ಎದೆಯ ಕುಣಿತ.

ಕೋಲ್‌ರಿಜ್‌ಗೆ ಬನ್ನಿ. ‘ಫ್ರಾಸ್ಟ್ ಅಟ್ ಮಿಡ್‌ನೈಟ್’ 1798ರ ಫೆಬ್ರವರಿಯದು, ‘ಟಿಂಟರ್ನ್ ಅಬಿ’ಗಿಂತ ಐದು ತಿಂಗಳು ಮೊದಲು. ಮಾದರಿ ಹಾಕಿಕೊಟ್ಟದ್ದು ಇವನೇ. ಮಾತಾಡದ ಕೇಳುಗ ಪಕ್ಕದಲ್ಲಿರಬೇಕು (ಇಲ್ಲಿ ತೊಟ್ಟಿಲ ಮಗು), ಇರುವ ಜಾಗದಿಂದ ನೆನಪಿಗೆ ಇಳಿಯಬೇಕು, ಅಲ್ಲಿಂದ ಮುಂದಿನ ಕಾಲಕ್ಕೆ ಜಿಗಿಯಬೇಕು, ಹೊರಟ ಜಾಗಕ್ಕೆ ಬದಲಾಗಿ ಮರಳಬೇಕು. ಈ ಹೊರಗೆ-ಒಳಗೆ-ಹೊರಗೆ ನಡಿಗೆಯನ್ನು 1965ರಲ್ಲಿ ವಿಮರ್ಶಕ ಎಂ.ಎಚ್. ಏಬ್ರಮ್ಸ್ ಒಂದು ಕಾವ್ಯಪ್ರಕಾರವೆಂದೇ ಗುರುತಿಸಿದ. ಕೋಲ್‌ರಿಜ್‌ನ ಕವಿತೆಯಲ್ಲಿ ಮನಸ್ಸನ್ನು ಎಬ್ಬಿಸುವುದು ಬೆಟ್ಟವೂ ಅಲ್ಲ, ನದಿಯೂ ಅಲ್ಲ. ಒಲೆಯ ಸರಳಿನ ಮೇಲೆ ಪಟಪಟ ಆಡುವ ಮಸಿಯ ಎಳೆ. ಅದು ಆಡಿದರೆ ದೂರದ ನೆಂಟರು ಬರುತ್ತಾರೆಂಬ ನಂಬಿಕೆ ಅಲ್ಲಿತ್ತು, ಆ ಎಳೆಗೆ ‘ಅಪರಿಚಿತ’ ಎಂದೇ ಹೆಸರು. ನಮ್ಮಲ್ಲಿ ಕಾಗೆ ಕೂಗಿದರೆ ನೆಂಟರು ಬರುವ ಹಾಗೆ. ನಿಶ್ಚಲವಾದ ಕೋಣೆಯಲ್ಲಿ ಚಲಿಸುವ ವಸ್ತು ಅದೊಂದೇ, ಅದಕ್ಕೇ ಮನಸ್ಸು ಅದಕ್ಕೆ ಜೋತುಬೀಳುತ್ತದೆ.

ನಾಲ್ಕು ವರ್ಷ ಕಳೆದ ಮೇಲೆ ‘ಡಿಜೆಕ್ಷನ್’ನಲ್ಲಿ ಇದೇ ಕವಿ ಖಾತೆಯನ್ನು ಹರಿದು ಹಾಕುತ್ತಾನೆ. ಸಂಜೆಯ ಆಕಾಶ, ಹಳದಿ ಬೆರೆತ ಹಸಿರು ಛಾಯೆ, ನಕ್ಷತ್ರ, ಚಂದ್ರ ಎಲ್ಲ ವಿವರವಾಗಿ ಎಣಿಸಿ, ‘ಎಷ್ಟು ಸುಂದರ ಎಂದು ಕಾಣುತ್ತಿದೆ, ಅನ್ನಿಸುತ್ತಿಲ್ಲ’ ಎನ್ನುತ್ತಾನೆ. ನಾವು ಕೊಟ್ಟದ್ದನ್ನಷ್ಟೇ ಪಡೆಯುತ್ತೇವೆ, ನಿಸರ್ಗ ಬದುಕಿರುವುದು ನಮ್ಮ ಬದುಕಿನಲ್ಲೇ. ಅರ್ಧ-ಅರ್ಧ ಒಪ್ಪಂದ ಮುರಿದು ಪೂರ್ತಿ ಭಾರ ಮನಸ್ಸಿನ ಮೇಲೆ ಬಿತ್ತು, ಮನಸ್ಸಿನ ಬುಗ್ಗೆ ಬತ್ತಿದರೆ ಹೊರಗಿನ ಯಾವ ಚೆಲುವೂ ತುಂಬಿಕೊಡುವುದಿಲ್ಲ. 1802ರ ಏಪ್ರಿಲ್ 4ರಂದು ಸಾರಾ ಹಚಿನ್ಸನ್‌ಗೆ ಬರೆದ 340 ಸಾಲಿನ ಪದ್ಯಪತ್ರ ಇದರ ಮೂಲ. ಅಚ್ಚಾದದ್ದು ಅದೇ ವರ್ಷ ಅಕ್ಟೋಬರ್ 4ರಂದು ಪತ್ರಿಕೆಯಲ್ಲಿ, ಸಾರಾಳ ಅಕ್ಕ ಮೇರಿಯನ್ನು ವರ್ಡ್ಸ್‌ವರ್ತ್ ಮದುವೆಯಾದ ದಿನ. ಸಂಬೋಧನೆ ‘ಸಾರಾ’ದಿಂದ ‘ಎಡ್ಮಂಡ್’ ಆಗಿ, 1817ರಲ್ಲಿ ‘ಲೇಡಿ’ ಎಂದು ನಿಂತಿತು. ‘ರೊಮ್ಯಾಂಟಿಕ್ ಕವಿಗಳಿಗೆ ನಿಸರ್ಗ ಸಾಂತ್ವನ’ ಎಂದು ಸಾರಾಸಗಟಾಗಿ ಬರೆಯುವ ಮುನ್ನ ಈ ಕವಿತೆ ಒಂದು ಸಲ ಎದುರಿಗಿರಲಿ.

ಶೆಲ್ಲಿಯ ‘ವೆಸ್ಟ್ ವಿಂಡ್’ ಎಣಿಸಿ ಓದಲು ಹೇಳಿಮಾಡಿಸಿದಂತಿದೆ: 14 ಸಾಲಿನ 5 ಭಾಗ, 70 ಸಾಲು. ಮೊದಲ ಮೂರು ಭಾಗದಲ್ಲಿ ‘ನಾನು’ ಒಮ್ಮೆಯೂ ಇಲ್ಲ. ಎಲೆ, ಮೋಡ, ಅಲೆ ಒಂದೊಂದು ಭಾಗಕ್ಕೆ ಒಂದೊಂದು, ಮೂರರ ಕೊನೆಗೂ ‘ಓ, ಕೇಳು!’. 43ನೇ ಸಾಲಿನಲ್ಲಿ ‘ನಾನು’ ಮೊದಲ ಸಲ ಬರುತ್ತಾನೆ, ಬರುವಾಗಲೇ ‘ಆಗಿದ್ದಿದ್ದರೆ’ ಎಂಬ ಬೇಡಿಕೆಯೊಡನೆ: ತರಗೆಲೆ ಆಗಿದ್ದಿದ್ದರೆ, ಮೋಡ, ಅಲೆ... ಅಂದರೆ ಮೂರು ಭಾಗಗಳಲ್ಲಿ ಗಾಳಿ ಎತ್ತಿಕೊಂಡು ಹೋದದ್ದರ ಪಟ್ಟಿಗೆ ತನ್ನನ್ನೂ ಸೇರಿಸಿಕೋ ಎಂದು. ‘ಮುಳ್ಳಿನ ಮೇಲೆ ಬಿದ್ದೆ, ರಕ್ತ ಸುರಿಯುತ್ತಿದೆ’ ಎಂಬ ಸಾಲನ್ನು ಬಿಡಿಯಾಗಿ ಎತ್ತಿದರೆ ನಾಟಕೀಯ ಗೋಳಾಗಿ ಕೇಳುತ್ತದೆ. ಗಾಳಿ ಎಲ್ಲವನ್ನೂ ಎತ್ತಿತು, ನನ್ನನ್ನು ಮಾತ್ರ ಎತ್ತಲಿಲ್ಲ ಎಂಬ ಜಾಗದಲ್ಲಿಟ್ಟು ಓದಿದರೆ ಹಾಗಾಗುವುದಿಲ್ಲ.

ಕನ್ನಡದ ಓದುಗರಿಗೆ ಇಲ್ಲೊಂದು ವಿಶೇಷ ಕಾಲುಜಾರು ಜಾಗ. ಪಡುವಣ ಗಾಳಿ ಎಂದರೆ ನಮ್ಮ ಮೈಗೆ ಗೊತ್ತಿರುವುದು ಜೂನಿನ ಮುಂಗಾರು, ಬಿತ್ತನೆ, ಹಸಿರು. ಶೆಲ್ಲಿಯದು 1819ರ ಶರತ್ಕಾಲದಲ್ಲಿ ಫ್ಲಾರೆನ್ಸ್ ಬಳಿ ಆರ್ನೋ ನದಿಯ ಪಕ್ಕದ ಕಾಡಿನಲ್ಲಿ ಎದ್ದ ಗಾಳಿ. ಅದು ಎಲೆ ಉದುರಿಸುತ್ತದೆ, ಬೀಜಗಳನ್ನು ಹೆಣಗಳಂತೆ ಚಳಿಗಾಲದ ಮಣ್ಣಿಗೆ ಒಯ್ದು ಮಲಗಿಸುತ್ತದೆ. ಮೊಳಕೆ ಬರಲು ವಸಂತದ ಇನ್ನೊಂದು ಗಾಳಿಯೇ ಬೇಕು. ಹಾಗೆಯೇ ‘ಟಿಂಟರ್ನ್ ಅಬಿ’ಯ ಐದು ‘ಬೇಸಿಗೆ’. ನಮ್ಮ ಬೇಸಿಗೆ ನೆಲ ಬಿರಿಯುವ ಕಾಲ, ಅಲ್ಲಿಯದು ಜನ ಕಾದು ಕೂರುವ ಹಿತವಾದ ಋತು. ಕಳೆಯಲು ಕಷ್ಟವಾದದ್ದು ಚಳಿಗಾಲ, ಅದಕ್ಕೇ ‘ದೀರ್ಘ’ ಎಂಬ ವಿಶೇಷಣ ಅದಕ್ಕೆ ಮಾತ್ರ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದಾಗಿನಿಂದ ಈ ಕಾವ್ಯದ ಪರಿಚಯ ನಮ್ಮಲ್ಲಿ ಬಹುಪಾಲು ಚಿಕ್ಕ ಗೀತೆಗಳ ದಾರಿಯಲ್ಲೇ ಆಗಿದೆ. ಹೀಗೆ ತಿರುಗಾಡುತ್ತಾ ಅನುಮಾನಿಸುತ್ತಾ ಹೋಗುವ ನೀಳ್ಗವಿತೆಗಳಿಗೆ ನಮ್ಮ ಕಿವಿ ಅಷ್ಟಾಗಿ ಪಳಗಿಲ್ಲ.

ಉತ್ತರ ಬರೆಯುವಾಗ ಐದು ಕವಿಗಳನ್ನು ಒಂದೊಂದು ಪ್ಯಾರಾದಲ್ಲಿ ಮುಗಿಸುವ ಅಭ್ಯಾಸ ಬಿಡಿ. ಒಂದು ಕವಿತೆ, ಅದರಲ್ಲಿ ಎರಡು ಜಾಗ, ಎದುರಿಗೆ ಒಪ್ಪದ ಇನ್ನೊಂದು ಕವಿತೆ. ‘ಟಿಂಟರ್ನ್ ಅಬಿ’ಯ ಅರ್ಧ-ಅರ್ಧ ಸಾಲಿಗೆ ‘ಡಿಜೆಕ್ಷನ್’ನ ‘ಕೊಟ್ಟದ್ದನ್ನಷ್ಟೇ’ ಸಾಲನ್ನು ಎದುರಿಟ್ಟರೆ ನಾಲ್ಕು ಪುಟ ತಾನಾಗಿ ಬರುತ್ತದೆ. ಅದ್ವೈತದ ಹೋಲಿಕೆ ಬಿಡಲು ಮನಸ್ಸಿಲ್ಲವೆಂದರೆ ಕೊನೆಗೆ ಒಂದು ಪ್ಯಾರಾ ಇಡಿ, ವ್ಯತ್ಯಾಸ ತೋರಿಸಲು.

ಕೀಟ್ಸ್‌ನನ್ನು ಕೊನೆಗೆ ಉಳಿಸಿದ್ದು ಬೇಕೆಂದೇ. 1818ರ ಅಕ್ಟೋಬರ್ 27ರ ಪತ್ರದಲ್ಲಿ ಅವನು ವರ್ಡ್ಸ್‌ವರ್ತ್‌ನ ರೀತಿಯನ್ನು ‘ಅಹಂಕಾರದ ಭವ್ಯತೆ’ ಎಂದು ಬೇರೆ ಇಟ್ಟು, ತನ್ನ ಬಗೆಯ ಕವಿಗೆ ಸ್ವಂತ ಗುರುತೇ ಇರುವುದಿಲ್ಲ, ಅವನು ಊಸರವಳ್ಳಿ ಎನ್ನುತ್ತಾನೆ. ಮರುವರ್ಷದ ನೈಟಿಂಗೇಲ್ ಕವಿತೆಯಲ್ಲಿ ಹಕ್ಕಿಯ ಹಾಡಿನೊಳಗೆ ಕರಗಲು ಹೋಗಿ ‘ಫೋರ್ಲಾರ್ನ್’ (ತೊರೆದುಹೋದ, ಅನಾಥ) ಎಂಬ ಒಂದೇ ಪದ ಗಂಟೆಯಂತೆ ಬಾರಿಸಿ ಅವನನ್ನು ‘ಒಂಟಿ ನಾನು’ವಿಗೆ ಎಳೆದು ತರುತ್ತದೆ. ಏಳನೇ ಪದ್ಯದ ಕೊನೆಯ ಪದ, ಎಂಟನೆಯದರ ಮೊದಲ ಪದ ಎರಡೂ ಅದೇ. ನಿಮ್ಮ ಪೆನ್ಸಿಲ್ ಪರೀಕ್ಷೆಗೆ ತಕ್ಕದ್ದು ಮಾತ್ರ ಶರತ್ಕಾಲವನ್ನು ಕುರಿತ ‘ಟು ಆಟಮ್’. 1819ರ ಸೆಪ್ಟೆಂಬರ್ 19, ವಿಂಚೆಸ್ಟರ್ ಊರು. 11 ಸಾಲಿನ ಮೂರು ಪದ್ಯ, 33 ಸಾಲಿನಲ್ಲಿ ‘ನಾನು’ ಎಲ್ಲೂ ಇಲ್ಲ. ಮೊದಲ ಪದ್ಯ ಪೂರ್ತಿ ಭಾರ: ಹೊರಿಸು, ಬಾಗಿಸು, ತುಂಬು, ಉಬ್ಬಿಸು. ಎರಡನೆಯದರಲ್ಲಿ ಋತುವೇ ಕಣಜದ ನೆಲದ ಮೇಲೆ ಕೂತಿದೆ, ಅರ್ಧ ಕೊಯ್ದ ಸಾಲಿನಲ್ಲಿ ನಿದ್ದೆ ಹೋಗಿದೆ, ಸೇಬಿನ ರಸ ಹಿಂಡುವುದನ್ನು ಹನಿ ಹನಿಯಾಗಿ ನೋಡುತ್ತಿದೆ. ಮೂರನೆಯದು ಬರೀ ಸದ್ದು: ನುಸಿ, ಕುರಿಮರಿ, ಮಿಡತೆ, ರಾಬಿನ್, ಕೊನೆಗೆ ಆಕಾಶದಲ್ಲಿ ಗುಂಪುಗೂಡಿದ ಕವಲುತೋಕೆ ಹಕ್ಕಿಗಳ ಚಿಲಿಪಿಲಿ. ಕವಲುತೋಕೆ ಚಳಿಗೆ ಮುಂಚೆ ಇಂಗ್ಲೆಂಡ್ ಬಿಟ್ಟು ಹೋಗುವ ಹಕ್ಕಿ, ಗುಂಪುಗೂಡುವುದು ಹೊರಡುವ ಸಿದ್ಧತೆ. ರಾಬಿನ್ ಅಲ್ಲೇ ಉಳಿಯುತ್ತದೆ.

ಈಗ 23ನೇ ಸಾಲಿಗೆ, ಮೂರನೇ ಪದ್ಯದ ಮೊದಲ ಸಾಲಿಗೆ, ಬೆರಳಿಡಿ. ‘ವಸಂತದ ಹಾಡುಗಳೆಲ್ಲಿ? ಹೌದು, ಎಲ್ಲಿ ಅವು?’ ಶರತ್ಕಾಲ ಈ ಪ್ರಶ್ನೆ ಕೇಳುವುದಿಲ್ಲ, ಹಕ್ಕಿಯೂ ಕೇಳುವುದಿಲ್ಲ. ‘ನಾನು’ ಎಂಬ ಪದವಿಲ್ಲದೆ ಅಲ್ಲಿ ಒಬ್ಬ ಬಂದು ನಿಂತಿದ್ದಾನೆ. ಮುಂದಿನ ಸಾಲಿನಲ್ಲೇ ‘ಅವುಗಳ ಯೋಚನೆ ಬಿಡು’ ಎಂದು ಅವನ ಬಾಯಿ ಮುಚ್ಚಿಸಲಾಗುತ್ತದೆ, ನುಸಿಗಳ ಸದ್ದು ಶುರುವಾಗುತ್ತದೆ.